ಮೀಟರ್ ಓದುವವನ ಹೇಳಿಕೆ

ನನ್ನ ಹೆಸರು ಕೇಳಬೇಡಿ.
ಕೇಳಿದರೆ ನಾನು ಯಾವ ಕಡೆಯವನೆಂದು ಗೊತ್ತಾಗುತ್ತದೆ,
ಆಮೇಲೆ ಒಂದೊಂದು ಮಾತನ್ನೂ ನೀವು
ಹೆಸರಿನ ತಕ್ಕಡಿಯಲ್ಲಿಟ್ಟು ತೂಗುತ್ತೀರಿ.
ದ್ರೀನಾ ಹೊಳೆದಂಡೆಯ ಊರಲ್ಲಿ ಹತ್ತೊಂಬತ್ತು ವರ್ಷ
ಮನೆಮನೆಯ ಕರೆಂಟು ಮೀಟರ್ ಓದಿದವನು, ಅಷ್ಟು ಸಾಕು.

ಮೀಟರಿರುವುದು ಮೆಟ್ಟಿಲ ಕೆಳಗೆ, ಉಗ್ರಾಣದ ಕತ್ತಲಲ್ಲಿ.
ನೆಂಟರಿಗೆ ಕಾಣದ್ದು ನನಗೆ ಕಾಣುತ್ತಿತ್ತು:
ಹಯ್ರಿಯಾ ಅಜ್ಜಿಯ ಪ್ಲಮ್ ಜಾಮಿನ ಜಾಡಿಗಳು,
ಸ್ತ್ರಾಹಿನ್ಯ ಮೇಷ್ಟ್ರು ಹೆಂಡತಿಗೆ ತಿಳಿಯದಂತೆ ಇಟ್ಟ ಬಾಟಲಿ,
ಫಿಂಕಾಳ ಸತ್ತ ಗಂಡನ ಸ್ಕೀ ಹಲಗೆ.
ಎಲ್ಲ ಮನೆಯಲ್ಲೂ ಕಾಫಿ. ಬೇಡವೆಂದರೆ ಬೇಸರ.
ದಿನಕ್ಕೆ ಹದಿನಾಲ್ಕು ಕುಡಿದು ಹೊಟ್ಟೆ ಕೆಟ್ಟು
ಡಾಕ್ಟರು ಬೈದದ್ದೂ ಉಂಟು.

ಟೀವಿಯವರು ಬಂದು ಕೇಳುತ್ತಾರೆ:
ಆರುನೂರು ವರ್ಷದ ದ್ವೇಷವಂತೆ, ಹೌದೇ?
ಆರುನೂರು ವರ್ಷ ನನಗೆ ಗೊತ್ತಿಲ್ಲ ಸ್ವಾಮಿ.
ಗೊತ್ತಿರುವುದು ಹದಿನೆಂಟು ತಿಂಗಳು.

ಮೊದಲು ಕಾರ್ಖಾನೆಯ ಸಂಬಳ ನಿಂತಿತು.
ಬಿಲ್ಲು ಬಾಕಿ ಉಳಿಯಿತು, ಎಲ್ಲರದ್ದೂ.
ಬಾಕಿಯಲ್ಲಿ ಊರು ಒಂದಾಗಿತ್ತು.
ಆಮೇಲೆ ಯಾರೋ ಅಂದರು, ಅವರ ಬಾಕಿ ಮನ್ನಾ ಆಗಿದೆಯಂತೆ.
ಅವರ.
ಆ ಪದ ಊರೊಳಗೆ ಬಂದದ್ದು ಹೀಗೆ,
ಬಿಲ್ಲಿನ ಬೆನ್ನು ಹತ್ತಿ.
ನಾನು ಪುಸ್ತಕ ತೆರೆದು ತೋರಿಸಿದೆ: ನೋಡಿ, ಯಾರದ್ದೂ ಮನ್ನಾ ಆಗಿಲ್ಲ.
ನಿನ್ನ ಪುಸ್ತಕದಲ್ಲಿ ಇಲ್ಲ ಅಂದರೆ
ಬೇರೆ ಪುಸ್ತಕ ಇದೆ ಅಂತಾಯ್ತಲ್ಲ, ಎಂದರು.

ಆ ಚಳಿಗಾಲ ಯೂನಿಟ್ ಏರಿತು. ರಾತ್ರಿ ಯಾರೂ ಮಲಗುತ್ತಿರಲಿಲ್ಲ.
ಬೀದಿಯ ಎರಡು ಬದಿಗೆ ಎರಡು ರೇಡಿಯೋ, ಒಂದೇ ಸುದ್ದಿ ತಿರುಗುಮುರುಗು:
ಇದರಲ್ಲಿ ಸತ್ತವನು ಅದರಲ್ಲಿ ಕೊಂದವನು.
ಮೆಟ್ಟಿಲ ಕೆಳಗೆ ಬಾಟಲಿ ಸರಿದು ಜಾಗ ಬಿಟ್ಟಿತ್ತು,
ಎಣ್ಣೆಬಟ್ಟೆ ಸುತ್ತಿದ ಉದ್ದನೆಯ ಏನಕ್ಕೋ.
ಏನಿದು ಮೇಷ್ಟ್ರೇ?
ಎದುರು ಮನೆಯಲ್ಲೂ ಇದೆ, ನೀನೇ ನೋಡಿರುತ್ತೀಯ, ಅಂದರು.
ನೋಡಿದ್ದೆ. ಎದುರು ಮನೆಯವನೂ ಇದನ್ನೇ ಅಂದಿದ್ದ.
ಭಯಕ್ಕೆ ಕಾಲಿಲ್ಲ. ನನ್ನ ಕಾಲಲ್ಲೇ ನಡೆದು
ಮನೆಯಿಂದ ಮನೆಗೆ ಹೋಯಿತೋ ಏನೋ.

ಕಾಫಿ ಮಾತ್ರ ನಿಲ್ಲಲಿಲ್ಲ. ಕೊನೆಯವರೆಗೂ ಕೊಟ್ಟರು.
ಎದುರು ಕೂತು ಕುಡಿಯುವುದು ನಿಂತಿತು, ಅಷ್ಟೆ.

ಮಾರ್ಚ್ ಕೊನೆಗೆ ಬಂದರು ಇಬ್ಬರು ಹುಡುಗರು,
ಒಬ್ಬನಿಗೆ ನಾನೇ ಸೈಕಲ್ ಕಲಿಸಿದ್ದೆ.
ತೋಳಿಗೆ ಪಟ್ಟಿ, ಬಾಯಿ ತುಂಬ ಮಾಮ.
ಪುಸ್ತಕ ಬೇಕಿತ್ತು ಮಾಮ, ಎರಡು ದಿನಕ್ಕೆ. ಸುರಕ್ಷತೆಗೆ.
ಬೀದಿ, ಮನೆ ನಂಬರು, ಯಜಮಾನನ ಹೆಸರು,
ಎಷ್ಟು ಯೂನಿಟ್, ಅಂದರೆ ಒಳಗೆ ಎಷ್ಟು ಜನ,
ಯಾವ ಮನೆ ಖಾಲಿ, ಯಾವುದು ಖಾಲಿಯಂತೆ ಪರದೆ ಎಳೆದುಕೊಂಡು
ಒಳಗೊಳಗೇ ಉರಿಯುತ್ತಿದೆ,
ಎಲ್ಲ ನನ್ನದೇ ದುಂಡಕ್ಷರ.
ಯಾರ ಸುರಕ್ಷತೆ, ಎಂದು ಕೇಳಬಹುದಿತ್ತು.
ಕೇಳಿದ್ದು: ರಸೀದಿ ಕೊಡಿ.
ಕೊಟ್ಟರು. ಸೀಲು ಸಹ ಒತ್ತಿ.

ಏಪ್ರಿಲಿನಲ್ಲಿ ಆ ಪುಸ್ತಕದ ಕ್ರಮದಲ್ಲೇ ಬಾಗಿಲು ತಟ್ಟಿದರು,
ನಾನು ಹೋಗುತ್ತಿದ್ದ ಕ್ರಮ: ಸೇತುವೆಯಿಂದ ಶುರು,
ಬೇಕರಿಯ ತಿರುವು, ಆಮೇಲೆ ಮೇಲಿನ ಬೀದಿ.
ಹಯ್ರಿಯಾ ಅಜ್ಜಿಯದ್ದು ಏಳನೆಯ ಮನೆ.
ನಾನೇ ಬಂದೆನೆಂದುಕೊಂಡು
ಕಾಫಿಗೆ ನೀರಿಟ್ಟೇ ಬಾಗಿಲು ತೆರೆದಿರಬೇಕು.

ಯುದ್ಧ ಯಾಕಾಯಿತು ಎಂದು ಕೇಳಿದಿರಲ್ಲ.
ದೊಡ್ಡವರು ಸುಳ್ಳು ಹೇಳಿದರು, ನಕಾಶೆ ಗೀಚಿದರು,
ಲಾರಿಯಲ್ಲಿ ಬಂದೂಕು ಕಳಿಸಿದರು. ನಿಜ. ಅವರನ್ನು ಬಿಡಬೇಡಿ.
ಆದರೆ ಆ ನಕಾಶೆಗೆ
ಅಜ್ಜಿಯ ಮನೆ ಗೊತ್ತಿರಲಿಲ್ಲ.

ಇಗೋ ರಸೀದಿ. ಇನ್ನೂ ಇಟ್ಟುಕೊಂಡಿದ್ದೇನೆ, ಓದಿ:
ಪುಸ್ತಕ ಒಂದು. ನೀಲಿ ರಟ್ಟು. ಸುಸ್ಥಿತಿಯಲ್ಲಿದೆ.
ಹಿಂದಿರುಗಿಸಲಾಗುವುದು.