ಮೂರು ಕೂಗು

ನನ್ನ ಕೆಲಸ ಕೂಗುವುದು.
ದುರ್ಗದ ಕೋರ್ಟಿನ ಜಗುಲಿಯ ಮೇಲೆ ನಿಂತು
ಒಂದೊಂದು ಹೆಸರು, ಮೂರು ಮೂರು ಸಲ.
ಡವಾಲಿಯ ಹಿತ್ತಾಳೆ ಸವೆದು, ಅದರ ಮೇಲಿನ ಅಕ್ಷರ
ಈಗ ನನಗಷ್ಟೇ ಕಾಣುತ್ತದೆ.

"ಸಾಕ್ಷಿ ಹನ್ನೊಂದು, ಪಾಲಕ್ಕಾ..."
ಮೊದಲ ಸಲ ಕೂಗಿದಾಗ ನನ್ನ ಮೀಸೆ ಕಪ್ಪಗಿತ್ತು.
ದಡದಡ ಬಂದಿದ್ದಳು, ಮೊಣಕೈತನಕ ಸುಟ್ಟ ಕಲೆ
ಇನ್ನೂ ಹಸಿಹಸಿ.
ಆಮೇಲೆ ವಾಯಿದೆ. ಜಡ್ಜಿಗೆ ವರ್ಗ. ವಾಯಿದೆ.
ಬೆಂಗಳೂರಿಗೆ ಹೋದ ಕಡತ ಹದಿಮೂರು ವರ್ಷ ಅಲ್ಲೇ ಮಲಗಿ
"ಮತ್ತೆ ಮೊದಲಿಂದ ಕೇಳಿ" ಅಂತ ವಾಪಸ್ಸು ಬಂತು.
ಅಷ್ಟರಲ್ಲಿ ಉಳಿದ ಸಾಕ್ಷಿಗಳೆಲ್ಲ ಮಣ್ಣಿಗೆ ಹೋಗಿದ್ದರು.
ಸತ್ತವರನ್ನೂ ಕೂಗಬೇಕು ನಾನು,
"ಗೈರು" ಅಂತ ಬರೆದುಕೊಳ್ಳಲಿಕ್ಕೆ.

ಇವತ್ತು ಬೆಳಿಗ್ಗೆ, ಬೇವಿನ ಮರದ ಕೆಳಗಿನ ಬೆಂಚಿನಲ್ಲಿ
ಅವಳ ಪಕ್ಕ ಕೂತಿದ್ದವನು
ಮೂರನೇ ಆರೋಪಿ.
ಮಗ ಜೆರಾಕ್ಸಿಗೆ ಹೋಗಿದ್ದ. ಮುದುಕನ ಒಂದು ಚಪ್ಪಲಿ ಜಾರಿ ಬಿದ್ದಿತ್ತು.
ಪಾಲಕ್ಕ ಎಲೆಗೆ ಸುಣ್ಣ ಹಚ್ಚಿ, ಹರಿದು, ಅರ್ಧ ಕೊಟ್ಟಳು.
ಆ ಕೇರಿಯ ಕೈಯಿಂದ ನೀರೂ ಮುಟ್ಟದ ಮನೆತನದವನು
ಇಸಕೊಂಡು ಬಾಯಿಗಿಟ್ಟ.
"ಯಾವೂರಾತು ತಾಯಿ ನಿಂದು?"
"ಅದೇ ಕಣಪ್ಪಾ, ನಾನೂ ನೆಪ್ಪು ಮಾಡ್ಕಂತಿದೀನಿ."
ಇಬ್ಬರೂ ಬಾಯಾಡಿಸುತ್ತ
ಜೋಗಿಮಟ್ಟಿ ಕಡೆಯ ಗಾಳಿಯಂತ್ರ ತಿರುಗುವುದನ್ನು ನೋಡುತ್ತಿದ್ದರು.
ಇಬ್ಬರದೂ ಒಂದೇ ಊರು.
ಅವನದು ಮೇಲುಗಡೆ, ಅವಳದು ಹಳ್ಳದಾಚೆ.
ಹೇಳಬೇಕಿತ್ತೇ ನಾನು? ಯಾರಿಗೆ ಮೊದಲು?
ಡವಾಲಿ ಸರಿಮಾಡಿಕೊಂಡು ಒಳಗೆ ಹೋದೆ.

ಕಟಕಟೆ.
"ಬೆಂಕಿ ಇಟ್ಟವರು ಇಲ್ಲಿದ್ದಾರೇನಮ್ಮ?"
ಎಲ್ಲರನ್ನೂ ನೋಡಿದಳು. ನನ್ನನ್ನು ಸ್ವಲ್ಪ ಜಾಸ್ತಿ ಹೊತ್ತು.
"ಹೋದವರ ಹೆಸರಾದರೂ ಹೇಳಿ."
ತುಟಿ ಅಲ್ಲಾಡಿತು, ಹೆಸರು ಬರಲಿಲ್ಲ.
ಸೆರಗು ಮುಂದಕ್ಕೆಳೆದು ಗಂಟು ತಡಕಿದಳು.
ವಾಯಿದೆಗೆಲ್ಲ ಉಟ್ಟು ಬರುತ್ತಿದ್ದ ಹಳೇ ಸೀರೆಯಲ್ಲ ಇದು
(ಅದರ ಗಂಟು ನಾವ್ಯಾರೂ ಎಣಿಸಿರಲಿಲ್ಲ),
ಮೊಮ್ಮಗಳು ಚಳ್ಳಕೆರೆಯಿಂದ ತಂದ ಹೊಸದು.
ಸೆರಗು ಖಾಲಿ.

ಆಗ ಬೆರಳು ತಾವೇ ಶುರುಮಾಡಿದವು.
ಒಂದು ಗಂಟು. ಬಿಗಿದು, ಉಗುರಲ್ಲಿ ಒತ್ತಿ. ಇನ್ನೊಂದು.
ಟೈಪು ಮಾಡುವ ಹುಡುಗಿ ಕೈ ಎತ್ತಿಕೊಂಡೇ ಕೂತಿದ್ದಳು.
ಒಂಬತ್ತು. ಸರಿ, ಪಟ್ಟಿಯಲ್ಲಿರುವುದೂ ಒಂಬತ್ತೇ.
ಬೆರಳು ನಿಲ್ಲಲಿಲ್ಲ.
ಹತ್ತನೆಯದು, ಎಳ್ಳಿನಷ್ಟು,
ಸೆರಗಿನ ಅಂಚಿನಲ್ಲಿ.

"ದಾಖಲಾಗಲಿ ಸ್ವಾಮಿ," ಆರೋಪಿ ಪರ ವಕೀಲರು ಎದ್ದರು,
"ಲೆಕ್ಕವೇ ತಪ್ಪು. ಈ ನೆನಪು ನಂಬುವಂಥದ್ದಲ್ಲ."

"ಮೊರದಾಗೆ ಮಲಗಿಸಿದ್ದು," ಅಂದಳು ಪಾಲಕ್ಕ, ಗಂಟಿಗೆ ಹೇಳುವ ಹಾಗೆ,
"ಐದು ದಿನದ್ದು. ಇನ್ನಾ ತೊಟ್ಲಿಗೆ ಹಾಕಿರ್ಲಿಲ್ಲ.
ಪೋಲೀಸ್ನೋರು ಬರೀ ಹೆಸರು ಕೇಳಿದ್ರು."

ಸಾಹೇಬರು ಪೆನ್ನು ಮುಚ್ಚಿದರು, ಮತ್ತೆ ತೆಗೆದರು.
ಹದಿನಾರಕ್ಕೆ ವಾಯಿದೆ.
ಹೊರಗೆ ಮುದುಕ ಮಗನನ್ನು ಕೇಳುತ್ತಿದ್ದ,
ಎಲೆ ಕೊಟ್ಟ ಆಯಮ್ಮ ಎಲ್ಲಿ ಹೋದಳು ಅಂತ.

ತಿಂಗಳ ಕೊನೆಗೆ ನಾನೂ ಡವಾಲಿ ಬಿಚ್ಚಿ ಕೊಡಬೇಕು.
ಸಂಜೆ ಬೀಗ ಹಾಕಿ ಜಗುಲಿಗೆ ಬಂದೆ.
ಕೋಟೆ ಬಂಡೆಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ.
ಸತ್ತವರನ್ನು ಕೂಗಿ ಕೂಗಿ ಪಳಗಿದ ಗಂಟಲು ಇದು.
ಹೆಸರೇ ಇಡದ್ದನ್ನು ಏನಂತ ಕೂಗುವುದು?

"ಕೂಸೇ..." ಅಂದೆ.
ಸೈಕಲ್ ಸ್ಟ್ಯಾಂಡಿನ ಹುಡುಗ ತಿರುಗಿ ನೋಡಿದ.

ನಿಯಮದ ಪ್ರಕಾರ
ಇನ್ನೆರಡು ಸಲ ಬಾಕಿ.