ಕರಡು ಏಳು

ಗುತ್ತಲು ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ.
ಲಗ್ನಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು,
ಯಾರದೇ ಮಾತಾದರೂ ನನ್ನ ಬೆರಳಿಂದಲೇ ಹೋಗಬೇಕು.
ಆ ರಾತ್ರಿ ಕಂಪ್ಯೂಟರನ್ನೇ ಹೊತ್ತು ತಂದರು
ಕಲ್ಯಾಣ ಮಂಟಪದ ವಧುವಿನ ಕೋಣೆಗೆ.
ಬೆಳಗಾದರೆ ಸಮಾವೇಶ, ಅಷ್ಟರಲ್ಲಿ
ಪಕ್ಷಕ್ಕೊಂದು ಪ್ರಣಾಳಿಕೆ ಆಗಬೇಕು.

ಕನ್ನಡಿಯ ಅಂಚಿಗೆ ಯಾವಳೋ ಮದುಮಗಳು ಅಂಟಿಸಿ ಮರೆತ
ಸ್ಟಿಕ್ಕರ್ ಬೊಟ್ಟು. ಅದರ ಕೆಳಗೆ ಉಪಸಮಿತಿ:
ವಕೀಲ ಸಿದ್ದಪ್ಪಾಜಿ, ಅಕ್ಕಿ ಗಿರಣಿಯ ಮರಿಲಿಂಗೇಗೌಡರು,
ಲೆಕ್ಕ ನೋಡುವ ಇನಾಯತ್ ಪಾಷ,
ರಾಜಧಾನಿಯಿಂದ ಬಂದ ವೀಕ್ಷಕರು,
ಹೆಸರು ಹೇಳಲಿಲ್ಲ, ಶೂ ಬಿಚ್ಚಲಿಲ್ಲ.
ಕುರ್ಚಿ ಸಾಲದೆ ಬಾಗಿಲ ಬಳಿ ಮೂಟೆಯ ಮೇಲೆ ಜವರಮ್ಮ,
ಮಳವಳ್ಳಿ ಕಡೆಯವಳು, ನೀರುಗಂಟಿಯ ಮಗಳು.

ಅವಳದು ಒಂದೇ ಸಾಲು. ಬಾಯಲ್ಲಿ ಹೇಳಿದಳು, ಹೊಡೆದೆ:
"ನಾಲೆ ಬಿಟ್ಟ ದಿನ ಮೊದಲ ನೀರು ಕೊನೆಯ ತೂಬಿಗೆ ಕೊಡುತ್ತೇವೆ."
ಕರಡು ಒಂದು. ಮೂರನೇ ಅಂಶ. ಯಾರೂ ಕೆಮ್ಮಲಿಲ್ಲ.

ಹನ್ನೊಂದಕ್ಕೆ ಮರಿಲಿಂಗೇಗೌಡರು ಕೆಮ್ಮಿದರು.
ಮೇಲಿನ ತೂಬಿನವರೂ ವೋಟೇ ಹಾಕೋದು ಕಣಮ್ಮ.
"ಮೊದಲ" ಹೋಯಿತು.
ದಿನ ಅಂದರೆ ಯಾವ ದಿನ, ನಾಳೆ ಕೋರ್ಟಲ್ಲಿ ಕೇಳ್ತಾರೆ, ಅಂದರು ವಕೀಲರು.
"ನಾಲೆ ಬಿಟ್ಟ ದಿನ" ಹೋಯಿತು.
ಒಂದು ಗಂಟೆಗೆ ಎಲ್ಲರ ಕಣ್ಣು "ಕೊಡುತ್ತೇವೆ" ಮೇಲೆ.
ಕನ್ನಡದಲ್ಲಿ ಇದೊಂದು ತೊಂದರೆ, ಅಥವಾ ಅನುಕೂಲ:
ಸಾಲು ಮುಗಿಯುವ ತನಕ ಗೊತ್ತಾಗುವುದಿಲ್ಲ
ಹೇಳಿದವನು ಕೊಡುತ್ತಾನೋ, ಬರೀ ನೋಡುತ್ತಾನೋ.
ಕೊಡುತ್ತೇವೆ,
ಕೊಡಲು ಯತ್ನಿಸುತ್ತೇವೆ,
ಕೊಡುವ ಬಗ್ಗೆ ಕ್ರಮ ವಹಿಸಲಾಗುವುದು.
ಆ "ಲಾಗುವುದು" ಬಂದ ಕೂಡಲೇ
ಕೋಣೆಯಲ್ಲಿ ಯಾರೂ ಇಲ್ಲದಂತಾಯಿತು,
ನಾನೂ ಸೇರಿ.

ಅಂಶವೂ ಹರಿಯಿತು ಕೆಳಕ್ಕೆ. ಮೂರರಿಂದ ಹದಿನೇಳಕ್ಕೆ,
ಹದಿನೇಳರಿಂದ ಕೊನೇ ಪುಟದ "ಇತರೆ"ಗೆ,
ಬಯಲು ರಂಗಮಂದಿರಕ್ಕೂ ಬೀದಿನಾಯಿ ಹಾವಳಿಗೂ ನಡುವೆ.
ವೀಕ್ಷಕರು ಫೋನಿನಿಂದ ತಲೆಯೆತ್ತಿ ರಾತ್ರಿಗೆಲ್ಲ ಒಂದೇ ಮಾತಾಡಿದರು:
ಒಟ್ಟು ಇಪ್ಪತ್ತೊಂದು ಮಾಡಿ, ಬೆಸ ಸಂಖ್ಯೆ ಶುಭ.
ಜವರಮ್ಮ ಎಲೆಯಡಿಕೆ ಚೀಲ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ
ಹೇಳಿದ್ದು ನನಗೊಬ್ಬನಿಗೇ ಕೇಳಿಸಿತು:
"ನಮ್ಮಪ್ಪ ಅನ್ನೋನು, ದಾರೀಲಿ ನೀರ ಯಾರೂ ಕದಿಯಾಕಿಲ್ಲ ಕಣವ್ವ,
ಎಲ್ರೂ ಒಂದೊಂದ್ ಬೊಗಸೆ ತಗೋತಾರೆ ಅಷ್ಟೇಯ."

ಬೆಳಿಗ್ಗೆ ಮಂಟಪ ತುಂಬಿತು. ಹಿಂದಿನ ಒಲೆಯಿಂದ
ಬಾಡಿನ ಮಸಾಲೆ ಘಮ್ಮೆಂದು ಮೂರನೇ ಸಾಲಿನವರೆಗೆ.
ಅಧ್ಯಕ್ಷರು ಓದಿದರು, ಓದಿದರು ಅನ್ನುವುದಕ್ಕಿಂತ ಪುಟ ತಿರುವಿದರು.
ಒಪ್ಪಿಗೆ ಇರುವವರು ಕೈ ಎತ್ತಿ.
ಎದ್ದವು ಕೈಗಳು, ವಾಚಿನ ಕೈ, ದಾರದ ಕೈ, ನಿದ್ದೆಗಣ್ಣಿನ ಕೈ.
ಜವರಮ್ಮನದೂ ಎದ್ದಿತು.
ಅವಳು ಎತ್ತಿದ್ದು ಒಂದು ಮಾತು ಕೇಳುವುದಕ್ಕೆ.
ಎಣಿಸುವವನು ಎಣಿಸಿಕೊಂಡ.
ಮಾರನೇ ದಿನದ ಪತ್ರಿಕೆಯ ಚಿತ್ರದಲ್ಲಿ
ಎಲ್ಲಕ್ಕಿಂತ ಎತ್ತರ ಅವಳ ಕೈ.
ಕೆಳಗೆ ದಪ್ಪಕ್ಷರದಲ್ಲಿ: ಸರ್ವಾನುಮತ.

ಸೋಮವಾರ ಅಂಗಡಿಗೆ ಬಂದಳು.
"ಆವತ್ತು ಮೊದ್ಲು ಹೊಡ್ದಲ್ಲ ಮಗ, ಅದು ಐತಾ?"
ಇತ್ತು. ನಾನು ಯಾವುದನ್ನೂ ಅಳಿಸುವುದಿಲ್ಲ,
ತತ್ವವೇನಲ್ಲ, ಸೋಮಾರಿತನ.
ಪರದೆಗೆ ಬೆರಳಿಟ್ಟು ಪದ ಪದವಾಗಿ ಓದಿದಳು,
ಕೊನೇ ಪದಕ್ಕೆ ಬಂದು ನಿಂತಳು.
"ಇದ ತೆಗಿ. ಕೊಡ್ತೀವಿ ಅನ್ನೋಕೆ ನಾವ್ಯಾರು?
ತಗೋತೀವಿ ಅಂತ ಹಾಕು."

ಎಷ್ಟು ಪ್ರತಿ ಎಂದೆ.
"ನಮ್ ನಾಲೇಲಿ ತೂಬು ಮೂವತ್ನಾಲ್ಕು.
ಅಕ್ಸರ ದೊಡ್ಡದಿರ್ಲಿ, ಏರಿ ಮೇಲಿಂದ್ಲೇ ಕಾಣ್ಬೇಕು."

ಮಸಿ ಮುಗಿಯುತ್ತ ಬಂದಿತ್ತು, ಹೇಳಿದೆ.
ಮೊದಲು ಬಿದ್ದ ಪ್ರತಿಯೇ ಕಡುಗಪ್ಪು.
ಅದನ್ನು ಆರಿಸಿ, ಮಡಿಸದೆ,
ಬೇರೆ ಇಟ್ಟುಕೊಂಡಳು.