ದಡದಲ್ಲಿ ಉಳಿದ ಮೀನು

ಮೊದಲ ಸಲ ಮಲ್ಪೆ ಬಿಟ್ಟಾಗ
ಪ್ರೋಗ್ರಾಂ ಬೋಟು ಹತ್ತಿತ್ತು, ಚಿತ್ರಗಳು ಹತ್ತಿರಲಿಲ್ಲ.
ಹನ್ನೊಂದು ದಿನ, ನೆಟ್‌ವರ್ಕಿಲ್ಲದ ನೀರಿನಲ್ಲಿ
ಬಂಗುಡೆ ಒಂದು ಖಾಲಿ ಚೌಕ,
ಬೂತಾಯಿ ಒಂದು ಖಾಲಿ ಚೌಕ.

ತಂಡೇಲ ಶೀನ ತಿಂಗಳಾಯರು ಬೈಯಲಿಲ್ಲ.
“ಐಸು, ಡೀಸೆಲ್, ಕುಚ್ಚಲಕ್ಕಿ, ಕಡ್ಡಿಪೆಟ್ಟಿಗೆ...
ಹಗ್ಗ ಬಿಚ್ಚಿದ ಮೇಲೆ ಉಪ್ಪಿಗೆ ಅಂತ
ಯಾರಾದರೂ ತಿರುಗಿ ಬರ್ತಾರಾ ಮಾರಾಯ್ತಿ?”

ಆ ರಾತ್ರಿ ಫೋಲ್ಡರು ಬಿಚ್ಚಿ ಕೂತೆ.
ಗೋ ಭಾಷೆಗೆ ಒಂದು ಹಟ:
ತಾನಿರುವ ಮನೆಯೊಳಗಿನದನ್ನಷ್ಟೇ ಗಂಟು ಕಟ್ಟುತ್ತದೆ,
ಎರಡು ಚುಕ್ಕಿಯಿಟ್ಟು ಮೇಲಿನ ಜಗಲಿಗೆ ಕೈ ಚಾಚಿದರೆ
ಒಲ್ಲೆ.
ಮೀನುಗಳನ್ನೆಲ್ಲ ಕೆಳಗಿಳಿಸಿದೆ.
ನೆತ್ತಿಯ ಮೇಲೆ ಎರಡು ಓರೆಗೆರೆ, ಅಂಟಿಕೊಂಡೇ ಅಪ್ಪಣೆ;
ನಡುವೆ ಒಂದು ಉಸಿರಿನ ಜಾಗ ಬಿಟ್ಟೆನೋ
ಅದು ಬರೀ ಟಿಪ್ಪಣಿ, ಯಾರೂ ಕೇಳುವುದಿಲ್ಲ.
(ಬಿಟ್ಟಿದ್ದೆ. ಅರ್ಧ ಗಂಟೆ ಹೋಯಿತು.)

ಈಗ ಒಂದೇ ಫೈಲು,
ಮೊಟ್ಟೆ ತುಂಬಿದ ಬೂತಾಯಿಯ ಹಾಗೆ ದಪ್ಪ.
ನಸುಕಿಗೆ ಧಕ್ಕೆಯಲ್ಲಿ ಪೆನ್‌ಡ್ರೈವ್ ಕೊಟ್ಟೆ.
ಬೀಡಿಕಟ್ಟಿನ ಜೊತೆ ಕಿಸೆಗೆ ಹಾಕಿ ಕೇಳಿದರು:
“ನಂಗು?”
ಇದೆ.
“ತೊರಕೆ?”

ಅದರ ಹೆಸರಿನ ಮುಂದೊಂದು ಅಡಿಗೆರೆಯಿತ್ತು.
ಅಂಥವನ್ನು ಗೋ, ಹೇಳದೆಯೇ, ದಡದಲ್ಲಿ ಬಿಡುತ್ತದೆ.
ಇಂಜಿನ್ನು ಆಗಲೇ ಶುರುವಾಗಿತ್ತು.